ಚೀಸ್ ಪ್ಯಾಕೆಟ್ ಮೇಲೆ ಫಾಸ್ಫರಸ್ ಎಷ್ಟಿದೆ ಅಂತಾನೂ ಬರೀಲಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಯಜಮಾನ್ರಿಗೆ ಕಿಡ್ನಿ ತೊಂದ್ರೆ ಶುರುವಾಗಿ ಆರು ವರ್ಷ ಆಯ್ತು, ಈಗ ನಾಲ್ಕನೇ ಸ್ಟೇಜು, ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಹೋದ ಸಲ ಬ್ಲಡ್ ಟೆಸ್ಟಲ್ಲಿ ಫಾಸ್ಫರಸ್ ಜಾಸ್ತಿ ಬಂತು, ರಾತ್ರಿ ಮೈಯೆಲ್ಲಾ ತುರಿಕೆ ಅಂತ ಎದ್ದು ಕೂತ್ಕೊಳ್ತಿದ್ರು. ಆಸ್ಪತ್ರೇಲಿ ಕೊಟ್ಟ ಚೀಟೀಲಿ ಹಾಲು ಮೊಸರು ಕಡಿಮೆ ಮಾಡಿ ಅಂತಷ್ಟೇ ಇತ್ತು, ಅದನ್ನ ಚಾಚೂ ತಪ್ಪದೆ ಪಾಲಿಸಿದ್ವಿ. ಮಗಳು ತಂದಿದ್ದ ಕ್ರೀಮ್ ಚೀಸ್ ಡಬ್ಬಿ ನೋಡಿ ಅಯ್ಯೋ ಇದೆಲ್ಲಾ ಬೇಡಮ್ಮಾ ಅಂತ ನಾನೇ ಎತ್ತಿಟ್ಟೆ, ಆದ್ರೆ ಮೊಮ್ಮಗನ ಟಿಫಿನ್‌ಗೆ ತರೋ ಪ್ರೊಸೆಸ್ಡ್ ಚೀಸ್ ಸ್ಲೈಸು, ಒಂದು ತೆಳ್ಳಗಿನ ಹಾಳೆ ತಾನೇ ಅಂತ ದಿನಾ ಅವರ ಬ್ರೆಡ್ಡಿಗೂ ಹಾಕಿ ಕೊಡ್ತಿದ್ದೆ.

ಆಮೇಲೆ ಡಯಟಿಷಿಯನ್ ಮೇಡಂ ಎರಡೂ ಪ್ಯಾಕೆಟ್ ತರಿಸಿ ಹಿಂದೆ ತಿರುಗಿಸಿ ತೋರಿಸಿದ್ರು. ಸ್ಲೈಸ್ ಪ್ಯಾಕೆಟ್ ಮೇಲೆ ಐಎನ್‌ಎಸ್ (ಆಹಾರಕ್ಕೆ ಬೆರೆಸೋ ಪದಾರ್ಥಗಳಿಗೆ ಕೊಡೋ ನಂಬರ್) 339, 452 ಅಂತ ಸಣ್ಣ ಅಕ್ಷರದಲ್ಲಿತ್ತು, ಅವೆರಡೂ ಫಾಸ್ಫೇಟ್ ಉಪ್ಪುಗಳು, ಅಂದ್ರೆ ಫಾಸ್ಫರಸ್ ಇರೋವು, ಚೀಸ್ ನುಣ್ಣಗೆ ಕರಗ್ಲಿ ಅಂತ ಹಾಕ್ತಾರಂತೆ. ಬೇಳೆಕಾಳಲ್ಲಿರೋ ಫಾಸ್ಫರಸ್ ಅರ್ಧಕ್ಕಿಂತ ಕಡಿಮೆ ಮೈಗೆ ಹತ್ತಿದ್ರೆ, ಹೀಗೆ ಬೆರೆಸಿದ್ದು ಹೆಚ್ಚೂಕಡಿಮೆ ಪೂರ್ತಿ ರಕ್ತಕ್ಕೆ ಹೋಗತ್ತೆ, ಸೋತ ಕಿಡ್ನಿಗೆ ಅದನ್ನ ಹೊರಗೆ ಹಾಕೋಕಾಗಲ್ಲ, ಕೊನೆಗೆ ಮೂಳೆ ಸವೆಯುತ್ತೆ, ರಕ್ತನಾಳ ಗಟ್ಟಿಯಾಗುತ್ತೆ. ಸಾದಾ ಕ್ರೀಮ್ ಚೀಸ್ ಎರಡು ಚಮಚ, ಅಂದ್ರೆ 30 ಗ್ರಾಂನಲ್ಲಿ ಫಾಸ್ಫರಸ್ ಸುಮಾರು 30 ಮಿಲಿಗ್ರಾಂ, ಅಷ್ಟೇ ತೂಕದ ಪ್ರೊಸೆಸ್ಡ್ ಚೀಸಲ್ಲಿ 150 ದಾಟೋದೂ ಉಂಟು, ಉಪ್ಪಿನಂಶನೂ ಮೂರ್ನಾಲ್ಕು ಪಟ್ಟು. ಅದನ್ನ ಕೇಳಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ, ನನ್ನ ಕೈಯಾರೆ ಕೊಟ್ಟಿದ್ದಲ್ವಾ.

ಹಾಗಂತ ಕ್ರೀಮ್ ಚೀಸ್ ಎಷ್ಟು ಬೇಕಾದ್ರೂ ತಿನ್ಬಹುದು ಅಂತ ಯಾರೂ ತಿಳ್ಕೋಬೇಡಿ. ಅದರಲ್ಲಿ ಕೊಬ್ಬು ಜಾಸ್ತಿ, ಪ್ರೋಟೀನ್ ಎರಡು ಗ್ರಾಂ ಕೂಡ ಸರಿಯಾಗಿ ಸಿಗಲ್ಲ, ಹಾರ್ಟ್ ತೊಂದ್ರೆನೂ ಇರೋರು ಡಾಕ್ಟ್ರನ್ನ ಕೇಳಲೇಬೇಕು. ನಮ್ಮವರಿಗೆ ವಾರಕ್ಕೆ ಎರಡು ದಿನ ಒಂದೊಂದು ಚಮಚ ಅಂತ ಹೇಳಿದಾರೆ. ಇನ್ನೊಂದು ಮುಖ್ಯ ವಿಷ್ಯ, ಫ್ಯಾಟ್ ಫ್ರೀ ಅಂತ ಬರೆದಿರೋದು ಒಳ್ಳೇದು ಅಂತ ಜನ ಕೊಳ್ತಾರೆ, ಆದ್ರೆ ಸಾದಾ ಕ್ರೀಮ್ ಚೀಸಿಗಿಂತ ಅದರಲ್ಲೇ ಫಾಸ್ಫರಸ್ಸು, ಸೋಡಿಯಂ ಎರಡೂ ಹೆಚ್ಚು. ಬೆಳ್ಳುಳ್ಳಿ, ಮಸಾಲೆ ಹಾಕಿದ್ದರಲ್ಲಿ ಉಪ್ಪು ಎಷ್ಟಿದೆ ಅಂತಾನೂ ನೋಡ್ಕೋಬೇಕು. ಊಟದಲ್ಲಿರೋ ಫಾಸ್ಫರಸ್ ರಕ್ತಕ್ಕೆ ಸೇರದ ಹಾಗೆ ಹಿಡಿದಿಡೋ ಮಾತ್ರೆ ಬರೆದುಕೊಟ್ಟಿದ್ರೆ ಊಟದ ಜೊತೇಲೇ ತಗೋಬೇಕು, ಎರಡು ಗಂಟೆ ಬಿಟ್ಟು ನುಂಗಿದ್ರೆ ಪ್ರಯೋಜನ ಇಲ್ಲ.

ನನ್ನ ಬೇಡಿಕೆ ಒಂದೇ. ಪ್ಯಾಕೆಟ್ ಮೇಲೆ ಸೋಡಿಯಂ ಎಷ್ಟಿದೆ ಅಂತ ಬರೀಲೇಬೇಕು, ಆದ್ರೆ ಫಾಸ್ಫರಸ್ಸಿಗೆ ಆ ಕಡ್ಡಾಯ ಇಲ್ಲ. ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐನವರು ಅದನ್ನೂ ಕಡ್ಡಾಯ ಮಾಡಲಿ. ಅಲ್ಲೀವರೆಗೂ ನಿಮ್ಮ ಆರೋಗ್ಯ ಪುಟದಲ್ಲಿ 338ರಿಂದ 341, 450ರಿಂದ 452 ಈ ಫಾಸ್ಫೇಟ್ ನಂಬರ್‌ಗಳನ್ನ ದಪ್ಪ ಅಕ್ಷರದಲ್ಲಿ ಒಮ್ಮೆ ಹಾಕಿ, ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸ್ಕೊಳ್ತೀವಿ.

ಇಂತಿ,
ನಿಮ್ಮ ಖಾಯಂ ಓದುಗಳು, ಮೈಸೂರು