ಮಂಡಿನೋವಿನ ಮಾತ್ರೆ ಮತ್ತು ಬಿಪಿ

ಮಾನ್ಯರೇ,

ಕಾಫಿ ಕೊಯ್ಲಿನ ಸಮಯದಲ್ಲಿ ನಮ್ಮಮ್ಮ ದಿನಾ ಸಂಜೆ ಮಂಡಿನೋವಿಗೆ ಡೈಕ್ಲೋಫೆನಾಕ್ ಮಾತ್ರೆ ನುಂಗುತ್ತಿದ್ದರು. ಡಾಕ್ಟರ ಚೀಟಿ ಇಲ್ಲದೆ ಅಂಗಡಿಯಿಂದ ತಂದದ್ದು. ಜನವರಿಯಲ್ಲಿ ಬಿಪಿ ನೋಡಿಸಿದರೆ 170/100! ಈ ಮಾತ್ರೆ ಉರಿಯೂತ ತಗ್ಗಿಸುತ್ತದೆ, ನಿಜ. ಆದರೆ ಮೈಯಲ್ಲಿ ಉಪ್ಪು, ನೀರು ಉಳಿಯುವಂತೆ ಮಾಡಿ ಬಿಪಿ ಏರಿಸಬಲ್ಲದು. ಹಾಗಂತ ಉರಿಯೂತವನ್ನು ಸುಮ್ನೆ ಬಿಡುವಂತೆಯೂ ಇಲ್ಲ. ಅದು ವರ್ಷಗಟ್ಟಲೆ ಉಳಿದರೆ ರಕ್ತನಾಳದ ಒಳಪದರ ಕೆಟ್ಟು ನಾಳ ಪೆಡಸಾಗುತ್ತದೆ. ಸಂಧಿವಾತ ಇರುವವರಲ್ಲಿ ಬಿಪಿ ಜಾಸ್ತಿ ಕಾಣುವುದಕ್ಕೆ ಇದೂ ಒಂದು ಕಾರಣ.

ತೋಟದ ಕಾರ್ಮಿಕರಿರುವ ಲೈನ್ ಮನೆಗಳಲ್ಲೂ ಇಂಥ ಮಾತ್ರೆ ಕೈಯಿಂದ ಕೈಗೆ ಹೋಗುತ್ತದೆ. ಆರೋಗ್ಯ ಇಲಾಖೆಯವರು ಕೊಯ್ಲಿನ ತಿಂಗಳಲ್ಲಿ ತೋಟಕ್ಕೇ ಬಂದು ಬಿಪಿ ನೋಡಲಿ. ಯಾವ ನೋವಿನ ಮಾತ್ರೆ ನುಂಗುತ್ತಿದ್ದೀರಿ ಎಂದೂ ಕೇಳಲಿ.

– ಓದುಗ, ವಿರಾಜಪೇಟೆ