ಕೋಚ್ ತಲೆದಂಡ ಕೇಳುವವರಿಗೆ ಸಂಬಳ ಕೊಡುವುದು ಯಾರು? ಸಚಿವೆ ಆನಿಕಾ ವೆಲ್ಸ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಆನಿಕಾ ವೆಲ್ಸ್ ಅವರಿಗೆ,

ನಮಸ್ಕಾರ ಮೇಡಂ. ಆಸ್ಟ್ರೇಲಿಯಾ ಸರ್ಕಾರದಲ್ಲಿ ಸಂವಹನ ಖಾತೆಯೂ ನಿಮ್ಮದೇ, ಕ್ರೀಡಾ ಖಾತೆಯೂ ನಿಮ್ಮದೇ. ಹಾಗಾಗಿ ಇದನ್ನು ಇಬ್ಬರು ಸಚಿವರಿಗೆ ಬರೆಯುವ ಕಷ್ಟ ನನಗೆ ತಪ್ಪಿತು. ವಿಷಯ ರಗ್ಬಿ ಲೀಗ್ ಆಟ, ಅದರ ಕೋಚ್‌ಗಳ ಬಗ್ಗೆ ಟಿವಿಯಲ್ಲಿ ತೀರ್ಪು ಕೊಡುವವರ ಇನ್ನೊಂದು ಕೆಲಸ. ನಾನು ಪಶ್ಚಿಮ ಸಿಡ್ನಿಯಲ್ಲಿರುವ ಕನ್ನಡಿಗ, ವೆಸ್ಟ್ಸ್ ಟೈಗರ್ಸ್ ಅಭಿಮಾನಿ. ಈಗಲೇ ನಗಬೇಡಿ. ಕನ್ನಡದಲ್ಲಿ ಬರೆಯುತ್ತಿರುವುದು ಇಲ್ಲಿನ ನಮ್ಮ ಜನ ಮೊದಲು ಓದಲಿ ಅಂತ. ನಿಮ್ಮ ಕಚೇರಿಗೆ ಇಂಗ್ಲಿಷ್ ಪ್ರತಿ ಬೇರೆ ಕಳಿಸುತ್ತೇನೆ.

ಟೈಗರ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. ಬಾಲ್ಮೇನ್ ಮತ್ತು ವೆಸ್ಟರ್ನ್ ಸಬರ್ಬ್ಸ್ ಅನ್ನೋ ಎರಡು ಹಳೇ ಕ್ಲಬ್‌ಗಳು ಸೇರಿ ಆದ ತಂಡ ಇದು, 2000ದಿಂದ ಆಡುತ್ತಿದೆ. 2005ರಲ್ಲಿ ಕಪ್ ಗೆದ್ದಿತು. ಫೈನಲ್ಸ್, ಅಂದರೆ ಲೀಗ್ ಪಂದ್ಯಗಳು ಮುಗಿದ ಮೇಲಿನ ಪ್ಲೇಆಫ್ ಹಂತ ಮುಟ್ಟಿದ್ದು 2011ರಲ್ಲೇ ಕೊನೆ. 2022, 2023, 2024, ಮೂರೂ ವರ್ಷ ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ. ಅದನ್ನೇ ಇಲ್ಲಿ ವುಡನ್ ಸ್ಪೂನ್ ಅನ್ನುತ್ತಾರೆ. ಆರ್‌ಸಿಬಿ ಜೊತೆ 18 ವರ್ಷ ಕಾದ ನಮ್ಮಂಥವರಿಗೆ ಸೋಲು ಹೊಸದೇನಲ್ಲ. ಆದರೆ ಒಂದು ಊಹೆ ಮಾಡಿ. ಚೆನ್ನೈ ತಂಡದಲ್ಲಿ ದೊಡ್ಡ ಹುದ್ದೆಯಲ್ಲಿ ಇರುವವರೇ ಸಂಜೆ ಟಿವಿಯಲ್ಲಿ ಕೂತು ಆರ್‌ಸಿಬಿ ಕೋಚ್ ಸರಿ ಇಲ್ಲ ಅಂತ ತೀರ್ಪು ಕೊಟ್ಟರೆ ಹೇಗಿರುತ್ತೆ? ಇಲ್ಲಿನ ರಗ್ಬಿ ಲೀಗ್ ಟೂರ್ನಿ ಎನ್‌ಆರ್‌ಎಲ್‌ನಲ್ಲಿ ಅದು ಊಹೆಯಲ್ಲ, ಪ್ರತಿ ವಾರದ ಕಾರ್ಯಕ್ರಮ.

ಮೊದಲು ಕೋಚ್‌ಗಳ ವಿಷಯ ಹೇಳಿಬಿಡುತ್ತೇನೆ, ಯಾಕಂದ್ರೆ ಅಭಿಮಾನಿಗಳು ಜಾಸ್ತಿ ಜಗಳ ಆಡುವುದು ಅದಕ್ಕೇ. 2005ರ ಕಪ್ ತಂದ ಟಿಮ್ ಶೀನ್ಸ್ ಅವರನ್ನು ಕ್ಲಬ್ 2012ರಲ್ಲಿ ಮನೆಗೆ ಕಳಿಸಿತು. ಮಿಕ್ ಪಾಟರ್ ಬಂದರು, ಎರಡು ಸೀಸನ್ ಇದ್ದರು, ಹೋದರು. ಜೇಸನ್ ಟೇಲರ್ ಕೆಲಸ 2017ರಲ್ಲಿ ಬರೀ ಮೂರು ಪಂದ್ಯ ಆಗುವಷ್ಟರಲ್ಲಿ ಹೋಯಿತು. ಐವನ್ ಕ್ಲಿಯರಿ ಬಂದರು. 2018 ಮುಗಿಯುತ್ತಿದ್ದಂತೆ ಒಪ್ಪಂದ ಬಿಡಿಸಿಕೊಂಡು ಪೆನ್ರಿತ್‌ಗೆ ಹೊರಟುಹೋದರು. ಆಮೇಲೆ ಮೈಕಲ್ ಮಗ್ವೈರ್. ಅವರು ಸುಮ್ನೆ ಯಾರೋ ಅಲ್ಲ, 43 ವರ್ಷ ಕಪ್ ಕಾಣದ ಸೌತ್ ಸಿಡ್ನಿಗೆ 2014ರಲ್ಲಿ ಕಪ್ ಕೊಡಿಸಿದ ಕೋಚ್. ಅವರನ್ನು 2022ರ ಜೂನ್‌ನಲ್ಲಿ, ಸೀಸನ್ ಅರ್ಧ ಇರುವಾಗಲೇ ತೆಗೆದರು. ಆಮೇಲೆ ಯಾರು ಬಂದರು ಗೊತ್ತಾ? ಮತ್ತೆ ಅದೇ ಟಿಮ್ ಶೀನ್ಸ್! ಅವರೂ 2023ರ ಕೊನೆಗೆ ಹೊರಗೆ. 2024ರಿಂದ ಬೆಂಜಿ ಮಾರ್ಷಲ್ ಸರದಿ.

ಹೋದವರು ಏನಾದರು ಅಂತ ನೋಡಿ. ಕ್ಲಿಯರಿ ಪೆನ್ರಿತ್‌ಗೆ 2021ರಿಂದ 2024ರವರೆಗೆ ಸತತ ನಾಲ್ಕು ಕಪ್ ಗೆದ್ದುಕೊಟ್ಟರು. ಮಗ್ವೈರ್ 2024ರಲ್ಲಿ ನ್ಯೂ ಸೌತ್ ವೇಲ್ಸ್‌ಗೆ ಸ್ಟೇಟ್ ಆಫ್ ಒರಿಜಿನ್ (ಎರಡು ರಾಜ್ಯಗಳ ನಡುವಿನ) ಸರಣಿ ಗೆಲ್ಲಿಸಿದರು. ಮರುವರ್ಷ ಬ್ರಿಸ್ಬೇನ್ ಬ್ರಾಂಕೋಸ್ ಕೋಚ್ ಆಗಿ ಫೈನಲ್‌ನಲ್ಲಿ ಮೆಲ್ಬರ್ನ್ ತಂಡವನ್ನು 26-22ರಲ್ಲಿ ಸೋಲಿಸಿ ಕಪ್ ಎತ್ತಿದರು. ನಿಮ್ಮ ಲಿಲ್ಲಿ ಕ್ಷೇತ್ರ ಬ್ರಿಸ್ಬೇನ್‌ನಲ್ಲೇ ಇದೆ, ಆ ರಾತ್ರಿಯ ಗಲಾಟೆ ನಿಮಗೆ ನಾನು ಹೇಳಬೇಕಾಗಿಲ್ಲ. ನನ್ನ ಪ್ರಶ್ನೆ ಇಷ್ಟೇ. ಈ ಇಬ್ಬರಿಗೂ ಆಟದ ಬುದ್ಧಿ ಟೈಗರ್ಸ್ ಬಿಟ್ಟ ಮೇಲೆ ಬಂತಾ? ಮಗ್ವೈರ್ ಇಲ್ಲಿದ್ದಾಗ ಒಂದು ಸಲವೂ ಫೈನಲ್ಸ್ ಮುಟ್ಟಲಿಲ್ಲ, ನಿಜ. ಹುಡುಗರ ಮೇಲೆ ತುಂಬಾ ಬಿಗಿ ಅನ್ನುವ ದೂರೂ ಇತ್ತು. ಆದರೆ ಒಂದೇ ಕ್ಲಬ್‌ನಲ್ಲಿ ಹತ್ತು ವರ್ಷ ಎಲ್ಲ ಕೋಚ್‌ಗಳೂ ಸೋತರೆ, ಕೋಚ್ ಕುರ್ಚಿಯನ್ನಲ್ಲ, ಅದರ ಹಿಂದಿನ ಬಾಗಿಲು ತೆಗೆದು ನೋಡಬೇಕು. ಆಡಳಿತ ಮಂಡಳಿ, ಆಟಗಾರರನ್ನು ಆರಿಸುವವರು, ಮಾಲೀಕರು, ಎಲ್ಲ ಅಲ್ಲೇ ಕೂತಿರುತ್ತಾರೆ. ಟಿವಿ ಪ್ಯಾನಲ್‌ಗಳಿಗೆ ಆ ಬಾಗಿಲು ತೆಗೆಯುವ ಆಸಕ್ತಿ ಕಡಿಮೆ. 'ಈ ವಾರ ಯಾರ ತಲೆ' ಅನ್ನೋದೇ ಅವರಿಗೆ ಊಟ.

ಟೈಗರ್ಸ್ ಒಂದೇ ಅಲ್ಲ. 2024 ಒಂದೇ ವರ್ಷ ತಗೊಳ್ಳಿ. ಏಪ್ರಿಲ್ ಕೊನೆಗೆ ಸೌತ್ ಸಿಡ್ನಿ ಜೇಸನ್ ಡಿಮೆಟ್ರಿಯು ಅವರನ್ನು ಕಳಿಸಿತು. ಮೇನಲ್ಲಿ ಪ್ಯಾರಮಟ್ಟಾ ಬ್ರಾಡ್ ಆರ್ಥರ್ ಅವರನ್ನು ತೆಗೆಯಿತು. ಆರ್ಥರ್ 2014ರಿಂದ ಇದ್ದವರು, ಎರಡು ವರ್ಷದ ಹಿಂದಷ್ಟೇ ತಂಡವನ್ನು ಗ್ರ್ಯಾಂಡ್ ಫೈನಲ್‌ವರೆಗೆ ಕರೆದುಕೊಂಡು ಹೋದವರು. ಅವರು ಸೀದಾ ಇಂಗ್ಲೆಂಡಿಗೆ ಹೋಗಿ ಲೀಡ್ಸ್ ತಂಡ ಸೇರಿಕೊಂಡರು. ಸೆಪ್ಟೆಂಬರ್‌ನಲ್ಲಿ ಬ್ರಾಂಕೋಸ್ ಕೆವಿನ್ ವಾಲ್ಟರ್ಸ್ ಅವರಿಗೆ ಬಾಗಿಲು ತೋರಿಸಿತು. ಅವರ ತಂಡ ಹಿಂದಿನ ವರ್ಷದ ಫೈನಲ್‌ನಲ್ಲಿ 24-8ರ ಮುನ್ನಡೆಯಲ್ಲಿದ್ದು 26-24ರಲ್ಲಿ ಸೋತಿತ್ತು. ಆ ಕೊನೆಯ 20 ನಿಮಿಷ ಬೇರೆ ತರಹ ಆಗಿದ್ದರೆ ಅವರ ಪ್ರತಿಮೆ ನಿಲ್ಲಿಸುತ್ತಿದ್ದರೋ ಏನೋ.

ಈಗ ಇಬ್ಬಗೆ ನೀತಿಗೆ ಬರೋಣ. ಸೌತ್ಸ್‌ನಲ್ಲಿ, ಅಂದರೆ ಸೌತ್ ಸಿಡ್ನಿಯಲ್ಲಿ, ಡಿಮೆಟ್ರಿಯು ಹೋದ ಮೇಲೆ 2025ಕ್ಕೆ ವೇನ್ ಬೆನೆಟ್ ಬಂದರು. ಏಳು ಕಪ್ ಗೆದ್ದ ಮನುಷ್ಯ, ಅವರ ಬಗ್ಗೆ ನನಗೆ ಗೌರವವೇ ಇದೆ. ಆ ವರ್ಷ ಸೌತ್ಸ್ 14ನೇ ಸ್ಥಾನ, ಟೈಗರ್ಸ್ 13ನೇ ಸ್ಥಾನ. ಹೌದು, ನಾವು ಮೇಲೆ! ಆದರೆ ನಾನು ನೋಡಿದ, ಓದಿದ ಚರ್ಚೆಯಲ್ಲಿ ಸೌತ್ಸ್ ಸೋತರೆ 'ಗಾಯಾಳುಗಳು ಜಾಸ್ತಿ, ಪಾಪ', ಟೈಗರ್ಸ್ ಸೋತರೆ 'ಸರ್ಕಸ್'. ಗಾಯಗಳೇನೋ ನಿಜವೇ, ಕ್ಯಾಮ್ ಮರ್ರೇ ಅಂಥವರು ಸೀಸನ್ ಶುರುವಾಗುವ ಮೊದಲೇ ಬಿದ್ದರು. ಆದರೆ ಡಿಮೆಟ್ರಿಯು ಇದ್ದಾಗ ಅದೇ ಕನಿಕರ ಯಾಕೆ ಸಿಗಲಿಲ್ಲ? ಹೆಸರು ದೊಡ್ಡದಿದ್ದರೆ ನೆಪ, ಚಿಕ್ಕದಿದ್ದರೆ ಅಪರಾಧ. (ನಿಮ್ಮ ಪ್ರಧಾನಿ ಹಳೇ ಸೌತ್ಸ್ ಅಭಿಮಾನಿ, ಈ ಪ್ಯಾರಾ ಅವರಿಗೆ ತೋರಿಸಬೇಡಿ.)

ಇದನ್ನು ಅಭಿಮಾನಿಯ ಹೊಟ್ಟೆಉರಿ ಅಂತ ತಳ್ಳಿಹಾಕಬಹುದು. ಇರಬಹುದು ಕೂಡ. ಅದಕ್ಕೇ ಭಾವನೆ ಪಕ್ಕಕ್ಕಿಟ್ಟು ಮಾಲೀಕತ್ವದ ಕಡೆ ನೋಡಿ. ಬ್ರಿಸ್ಬೇನ್ ಬ್ರಾಂಕೋಸ್‌ನ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಷೇರು ಮಾಧ್ಯಮ ಕಂಪನಿ ನ್ಯೂಸ್ ಕಾರ್ಪ್ ಕೈಯಲ್ಲಿದೆ. ಬ್ರಿಸ್ಬೇನಿನ ಕುರಿಯರ್ ಮೇಲ್ ಪತ್ರಿಕೆಯೂ ಅವರದೇ, ಸಿಡ್ನಿಯ ಡೈಲಿ ಟೆಲಿಗ್ರಾಫ್ ಪತ್ರಿಕೆಯೂ ಅವರದೇ. ಹೆಚ್ಚುಕಡಿಮೆ ಎಲ್ಲ ಪಂದ್ಯ ತೋರಿಸುವ ಪೇ ಟಿವಿ ಫಾಕ್ಸ್‌ಟೆಲ್ ಕೂಡ 2025ರ ಏಪ್ರಿಲ್‌ನಲ್ಲಿ ಡಾಜ಼ೋನ್ ಕಂಪನಿಗೆ ಹೋಗುವ ತನಕ ಅವರ ಹಿಡಿತದಲ್ಲೇ ಇತ್ತು. ಇನ್ನೊಂದು ಕಡೆ ನೈನ್ ಅನ್ನೋ ಟಿವಿ ಕಂಪನಿ. ಪಂದ್ಯಗಳ ಪ್ರಸಾರ ಹಕ್ಕಿಗೆ ದುಡ್ಡು ಕೊಡುವವರೂ ಅವರೇ, ಆ ಆಟವನ್ನು ವಿಮರ್ಶೆ ಮಾಡಬೇಕಾದ ಸಿಡ್ನಿ ಮಾರ್ನಿಂಗ್ ಹೆರಾಲ್ಡ್ ಪತ್ರಿಕೆ ನಡೆಸುವವರೂ ಅವರೇ. ಕುರಿಯರ್ ಮೇಲ್ ಬ್ರಾಂಕೋಸ್ ತಂಡವನ್ನು ಮುದ್ದು ಮಾಡುತ್ತೆ ಅಂತ ನಾನು ಹೇಳುತ್ತಿಲ್ಲ. 2020ರಲ್ಲಿ ಬ್ರಾಂಕೋಸ್ ಕೊನೆಯ ಸ್ಥಾನಕ್ಕೆ ಬಿದ್ದಾಗ ಕೋಚ್‌ಗೆ ಅಲ್ಲೂ ಚೆನ್ನಾಗಿ ಬಿದ್ದಿತ್ತು. ಆದರೆ ಆ ಲೇಖನದ ಪಕ್ಕದಲ್ಲಿ 'ಈ ಕ್ಲಬ್ ನಮ್ಮ ಕಂಪನಿಯದೇ' ಅನ್ನುವ ಸಾಲು ಪ್ರತಿಸಲ ಇರಬೇಕು, ಅಲ್ವಾ?

ಫಿಲ್ ಗೌಲ್ಡ್ ವಿಷಯ ಇನ್ನೂ ಸ್ಪಷ್ಟ. 2021ರಿಂದ ಕ್ಯಾಂಟರ್ಬರಿ ಬುಲ್‌ಡಾಗ್ಸ್ ಕ್ಲಬ್‌ನ ಫುಟ್‌ಬಾಲ್ ವಿಭಾಗದ (ಇಲ್ಲಿ ರಗ್ಬಿ ಲೀಗನ್ನೂ ಹಾಗೇ ಅನ್ನುತ್ತಾರೆ) ಜನರಲ್ ಮ್ಯಾನೇಜರ್. ಜೊತೆಗೇ ನೈನ್ ಚಾನೆಲ್‌ನಲ್ಲಿ ಕಾಮೆಂಟರಿ, ಚರ್ಚಾ ಕಾರ್ಯಕ್ರಮ. ಇದು ಗುಟ್ಟೇನೂ ಅಲ್ಲ, ಅವರು ಮುಚ್ಚಿಟ್ಟೂ ಇಲ್ಲ. ಆಟದ ತಿಳಿವಳಿಕೆಯಲ್ಲಿ ಅವರಿಗೆ ಸರಿಸಾಟಿ ಕಡಿಮೆ. ಹಾಗಿದ್ದರೂ ಎದುರಾಳಿ ಕ್ಲಬ್‌ನ ಕೋಚ್, ಆಟಗಾರ, ಒಪ್ಪಂದ ಇವುಗಳ ಬಗ್ಗೆ ಇನ್ನೊಂದು ಕ್ಲಬ್‌ನ ಅಧಿಕಾರಿ ರಾಷ್ಟ್ರೀಯ ಚಾನೆಲ್‌ನಲ್ಲಿ ಮಾತಾಡುವುದು ಸರಿಯೇ ಅನ್ನುವ ಪ್ರಶ್ನೆ ಉಳಿದೇ ಉಳಿಯುತ್ತದೆ.

2025ರಲ್ಲಿ ಲಾಕ್ಲನ್ ಗ್ಯಾಲ್ವಿನ್ ಪ್ರಕರಣ ನಡೆದಾಗ ಇದು ಎದ್ದು ಕಂಡಿತು. 19 ವರ್ಷದ ಹುಡುಗ. ಟೈಗರ್ಸ್ ಕೊಟ್ಟ ಹೊಸ ಒಪ್ಪಂದ ಬೇಡ ಅಂದ. ಒಪ್ಪಂದ ಇದ್ದದ್ದು 2026ರವರೆಗೆ, ಅಂದರೆ ಅವನು ಇನ್ನೂ ಏನನ್ನೂ ಮುರಿದಿರಲಿಲ್ಲ. ಅಷ್ಟಕ್ಕೇ ವಾರಗಟ್ಟಲೆ ಅವನ ನಿಷ್ಠೆ, ಅವನ ಬೆಳವಣಿಗೆ, ಅವನ ಏಜೆಂಟ್ ಅಂತ ಚರ್ಚೆಯೋ ಚರ್ಚೆ. ನಮ್ಮವರೇ ಅವನನ್ನು ಬೈದು ಸುಸ್ತಾದರು, ಅದು ನಮ್ಮ ತಪ್ಪೇ. ಕೊನೆಗೆ ಅವನು ಸೀಸನ್ ಮಧ್ಯದಲ್ಲೇ ಹೋಗಿ ಸೇರಿದ್ದು ಅದೇ ಬುಲ್‌ಡಾಗ್ಸ್. ಅದರಲ್ಲಿ ಮೋಸ ಇತ್ತು ಅಂತ ನಾನು ಹೇಳಲಾರೆ, ಹೇಳುವ ಆಧಾರವೂ ಇಲ್ಲ. ಆದರೆ ಕ್ಲಿಯರಿ ತರಹದ ಕೋಚ್ ಒಪ್ಪಂದ ಬಿಟ್ಟು ಹೋದಾಗ ಸ್ವಲ್ಪ ದಿನ ಗೊಣಗಿ ಎಲ್ಲರೂ ಮರೆತರು. ಹುಡುಗನಿಗೆ ಮಾತ್ರ ಆ ರಿಯಾಯಿತಿ ಸಿಗಲಿಲ್ಲ.

ಇದರ ಮೇಲೆ ಬೆಟ್ಟಿಂಗ್ ಬೇರೆ. ಮುಂದೆ ಕೆಲಸ ಕಳೆದುಕೊಳ್ಳುವ ಕೋಚ್ ಯಾರು ಅನ್ನುವುದಕ್ಕೂ ಬೆಟ್ಟಿಂಗ್ ಕಂಪನಿಗಳು ದರ ಕಟ್ಟಿದ್ದುಂಟು. ಒಬ್ಬ ಮನುಷ್ಯನ ಸಂಬಳ ಹೋಗುತ್ತಾ ಅಂತ ಜೂಜು! ಪ್ಯಾನಲ್‌ನಲ್ಲಿ ಕೂತವರು 'ಇವರು ಇನ್ನು ಎರಡು ವಾರ' ಅಂದರೆ ಸಾಕು, ಆ ದರ ಕುಣಿಯುತ್ತದೆ. ನಡುವೆ ಬರುವ ಜಾಹೀರಾತು ಯಾರದ್ದು ಅಂತ ನಿಮಗೇ ಗೊತ್ತು. ನಿಮ್ಮದೇ ಸಂಸತ್ತಿನ ಸಮಿತಿ, ಪೆಟಾ ಮರ್ಫಿ ಅವರ ಅಧ್ಯಕ್ಷತೆಯಲ್ಲಿ, ಆನ್‌ಲೈನ್ ಜೂಜಿನ ಜಾಹೀರಾತು ಮೂರು ವರ್ಷದೊಳಗೆ ಹಂತ ಹಂತವಾಗಿ ಪೂರ್ತಿ ನಿಲ್ಲಬೇಕು ಅಂತ 2023ರ ಜೂನ್‌ನಲ್ಲೇ ಹೇಳಿತ್ತು. ಅದು ಬೇರೆಯೇ ಪತ್ರಕ್ಕೆ ಆಗುವಷ್ಟು ದೊಡ್ಡ ವಿಷಯ, ಇಲ್ಲಿ ಬಿಡುತ್ತೇನೆ.

ಇದರಲ್ಲಿ ಸರ್ಕಾರಕ್ಕೇನು ಕೆಲಸ ಅಂತ ಕೇಳುವವರಿದ್ದಾರೆ. ಖಾಸಗಿ ಆಟ, ಖಾಸಗಿ ಟಿವಿ ಅಂತ. ಅದು ಪೂರ್ತಿ ನಿಜ ಅಲ್ಲ. 2028ರಿಂದ ಪಪುವಾ ನ್ಯೂಗಿನಿಯ ತಂಡ ಎನ್‌ಆರ್‌ಎಲ್ ಸೇರುತ್ತದೆ. ಅದಕ್ಕೂ ಪೆಸಿಫಿಕ್ ದ್ವೀಪಗಳ ರಗ್ಬಿ ಲೀಗ್‌ಗೂ ಸೇರಿ ನಿಮ್ಮ ಸರ್ಕಾರ 10 ವರ್ಷಕ್ಕೆ 60 ಕೋಟಿ ಡಾಲರ್ ಘೋಷಿಸಿದೆ. ನಮ್ಮ ಲೈಕಾರ್ಟ್ ಓವಲ್ ಮೈದಾನದ ರಿಪೇರಿಗೆ ಕೇಂದ್ರದಿಂದ 2 ಕೋಟಿ ಡಾಲರ್ ಬಂದಿದೆ, ಅದಕ್ಕೆ ಥ್ಯಾಂಕ್ಸ್, ಆ ಶೌಚಾಲಯ ನೋಡಿದವರು ಯಾರೂ ಬೇಡ ಅನ್ನಲಾರರು. ಯಾವ ಪಂದ್ಯ ಉಚಿತ ಟಿವಿಗೆ ಮೊದಲು ಸಿಗಬೇಕು ಅನ್ನುವ ಪಟ್ಟಿಯೂ ಸಂವಹನ ಸಚಿವರ ಕೈಯಲ್ಲೇ ಇದೆ, ಎನ್‌ಆರ್‌ಎಲ್ ಆ ಪಟ್ಟಿಯಲ್ಲಿದೆ. ಜನರ ದುಡ್ಡೂ ಇದೆ, ಕಾನೂನಿನ ಆಸರೆಯೂ ಇದೆ. ಇಷ್ಟೆಲ್ಲ ಪಡೆದವರಿಗೆ ಒಂದು ಷರತ್ತು ಹಾಕಿದರೆ ತಪ್ಪೇನು?

ನಾನು ಕೇಳುವ ಷರತ್ತು ಹೊಸದಲ್ಲ. 1999ರಲ್ಲಿ ಇಲ್ಲಿ 'ಕ್ಯಾಶ್ ಫಾರ್ ಕಾಮೆಂಟ್' ಹಗರಣ ಆಯಿತು. ಬ್ಯಾಂಕುಗಳನ್ನು ದಿನಾ ಟೀಕಿಸುತ್ತಿದ್ದ ರೇಡಿಯೋ ನಿರೂಪಕ ಜಾನ್ ಲಾಸ್, ಬ್ಯಾಂಕುಗಳ ಸಂಘದ ಜೊತೆ ದುಡ್ಡಿನ ಒಪ್ಪಂದ ಆದ ಮೇಲೆ ರಾಗ ಬದಲಿಸಿದ್ದು ಬಯಲಾಯಿತು. ತನಿಖೆ ನಡೆದು, ವಾಣಿಜ್ಯ ರೇಡಿಯೋದಲ್ಲಿ ಪ್ರಚಲಿತ ವಿಷಯ ಮಾತಾಡುವವರು ತಮಗೆ ದುಡ್ಡು ಕೊಡುವವರ ಹೆಸರನ್ನು ಕೇಳುಗರಿಗೆ ಹೇಳಲೇಬೇಕು ಅನ್ನುವ ನಿಯಮ ಬಂತು. ಮಾತಾಡಬೇಡಿ ಅಂತ ಅಲ್ಲ, ಹೇಳಿ ಮಾತಾಡಿ ಅಂತ. ಅದನ್ನೇ ಕ್ರೀಡಾ ಚರ್ಚೆಗೂ ತನ್ನಿ. ಪ್ಯಾನಲ್‌ನಲ್ಲಿ ಕೂತವರು ಯಾವುದಾದರೂ ಕ್ಲಬ್‌ನ ನೌಕರ, ಸಲಹೆಗಾರ, ನಿರ್ದೇಶಕ, ಅಥವಾ ಬೆಟ್ಟಿಂಗ್ ಕಂಪನಿಯ ಪ್ರಚಾರಕ ಆಗಿದ್ದರೆ ಅವರ ಹೆಸರಿನ ಕೆಳಗೆ ಅದೂ ಕಾಣಿಸಲಿ. ಕೋಚ್ ಇರಬೇಕೋ ಹೋಗಬೇಕೋ ಅನ್ನುವ ಚರ್ಚೆ ಬಂದ ಪ್ರತಿಸಲ ಕಾಣಿಸಲಿ. ಈಗಿನ ಪ್ರಸಾರ ಒಪ್ಪಂದ 2027ಕ್ಕೆ ಮುಗಿಯುತ್ತದೆ. ಹೊಸದಕ್ಕೆ ಸಹಿ ಬೀಳುವ ಮೊದಲೇ ಈ ನಿಯಮ ಬಂದರೆ ಯಾರಿಗೂ ಅನ್ಯಾಯ ಆಗುವುದಿಲ್ಲ.

ಪತ್ರಕರ್ತರ ಬಾಯಿ ಮುಚ್ಚಿಸಿ ಅಂತ ನಾನು ಕೇಳುತ್ತಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. 2025ರ ಡಿಸೆಂಬರ್‌ನಲ್ಲಿ ಟೈಗರ್ಸ್ ಮಾಲೀಕರು ಸ್ವತಂತ್ರ ನಿರ್ದೇಶಕರನ್ನು ಕಿತ್ತುಹಾಕಿದರು. ಆ ಸಾಲಿನಲ್ಲಿ ಬ್ಯಾರಿ ಓಫಾರೆಲ್ ಅವರೂ ಇದ್ದರು, ನ್ಯೂ ಸೌತ್ ವೇಲ್ಸ್‌ನ ಮಾಜಿ ಮುಖ್ಯಮಂತ್ರಿ, ಆಮೇಲೆ ದೆಹಲಿಯಲ್ಲಿ ಆಸ್ಟ್ರೇಲಿಯಾದ ಹೈಕಮಿಷನರ್ ಆಗಿದ್ದವರು. ಸಿಇಒ ಶೇನ್ ರಿಚರ್ಡ್‌ಸನ್ ಕೂಡ ಹೊರಟರು. ಆಗ ಒಳಗಿನದ್ದನ್ನೆಲ್ಲ ಹೊರಗೆ ತಂದವರು ಪತ್ರಕರ್ತರೇ. ಅವರಿಲ್ಲದಿದ್ದರೆ ಟಿಕೆಟ್ ಕೊಂಡ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. ಅಂಥ ಕೆಲಸ ಮಾಡುವವರಿಗೆ ನನ್ನ ನಿಯಮದಿಂದ ತೊಂದರೆ ಇಲ್ಲ. ಎರಡು ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಸ್ವಲ್ಪ ಇರಿಸುಮುರಿಸು.

2027ರಲ್ಲಿ ಪರ್ತ್ ತಂಡ ಬರುತ್ತದೆ, ಮಲ್ ಮೆನಿಂಗಾ ಅದರ ಮೊದಲ ಕೋಚ್. ಮರುವರ್ಷ ಪಪುವಾ ನ್ಯೂಗಿನಿಯ ತಂಡ. ಹೊಸ ತಂಡ ಅಂದ ಮೇಲೆ ಮೊದಲ ವರ್ಷಗಳಲ್ಲಿ ಸೋಲು ಇದ್ದೇ ಇರುತ್ತೆ. ಅವರು ನಾಲ್ಕು ಪಂದ್ಯ ಸೋತ ಕೂಡಲೇ ಯಾವ ಸ್ಟುಡಿಯೋದಲ್ಲಿ ಯಾರು ಕೂತು 'ಕೋಚ್ ಬದಲಾಗಲಿ' ಅನ್ನುತ್ತಾರೋ, ಅವರ ಇನ್ನೊಂದು ಕೆಲಸ ಏನು ಅಂತ ಪರದೆಯ ಮೇಲೆ ಬರೆದಿರಬೇಕು. ಅದಕ್ಕೆ ನಿಮ್ಮ ಇಲಾಖೆಗೆ ಎಷ್ಟು ಸಮಯ ಬೇಕು, ಯಾವ ಪ್ರಾಧಿಕಾರ ಇದನ್ನು ನೋಡಿಕೊಳ್ಳುತ್ತದೆ, ಈ ಎರಡಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡಿ. ಬಂದ ಉತ್ತರವನ್ನು ಒಂದಕ್ಷರ ಬಿಡದೆ ಇಲ್ಲೇ ಹಾಕುತ್ತೇನೆ. ಬರದಿದ್ದರೆ ಅದನ್ನೂ ಹಾಕುತ್ತೇನೆ.

ಇಂತಿ,
ಪಶ್ಚಿಮ ಸಿಡ್ನಿಯಿಂದ ಒಬ್ಬ ಟೈಗರ್ಸ್ ಅಭಿಮಾನಿ