ಹತ್ತು ಕುಲಗಳು ಬ್ರಿಟನ್ನಿಗೆ ಹೋಗಲಿಲ್ಲ

ಮಾನ್ಯರೇ,

ಬ್ರಿಟಿಷರು ಬೈಬಲಿನ ಉತ್ತರ ಇಸ್ರೇಲ್ ರಾಜ್ಯದಿಂದ ಸೆರೆಹೋಗಿ ಸುಳಿವಿಲ್ಲದಾದವೆನ್ನುವ ‘ಕಳೆದುಹೋದ ಹತ್ತು ಕುಲ’ಗಳ ವಂಶಸ್ಥರು ಎಂಬ ವಾದವನ್ನು ಇತಿಹಾಸವೆಂದು ಹಂಚುವವರು ಮೊದಲು ಅಸ್ಸೀರಿಯದ ದಾಖಲೆ ನೋಡಬೇಕು. ಕ್ರಿ.ಪೂ. 722ರ ಸುಮಾರಿಗೆ ಆ ರಾಜ್ಯದ ರಾಜಧಾನಿ ಸಮಾರಿಯ ಬಿದ್ದಾಗ 27,290 ಜನರನ್ನು ಸೆರೆಯೊಯ್ದೆನೆಂದು ಅಸ್ಸೀರಿಯದ ಅರಸ ಎರಡನೇ ಸರ್ಗೋನ್ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಇಡೀ ರಾಜ್ಯವೇನೂ ಖಾಲಿಯಾಗಲಿಲ್ಲ. ಬಹಳಷ್ಟು ಮಂದಿ ಅಲ್ಲೇ ಉಳಿದರು. ಒಯ್ದವರನ್ನು ನೆಲೆಗೊಳಿಸಿದ್ದು ಮೆಸಪೊಟೇಮಿಯದಲ್ಲಿ, ಈಗಿನ ಇರಾನಿನಲ್ಲಿದ್ದ ಮೇದ್ಯರ ಊರುಗಳಲ್ಲಿ. ಅಲ್ಲಿಂದ ಅವರು ಬ್ರಿಟನ್ನಿಗೆ ನಡೆದರೆನ್ನಲು ಒಂದು ಮಡಕೆ ಚೂರಿನ ಸಾಕ್ಷ್ಯವೂ ಇಲ್ಲ.

1840ರಲ್ಲಿ ಜಾನ್ ವಿಲ್ಸನ್ ಬರೆದ ಪುಸ್ತಕದಿಂದ ಈ ವಾದ ಹಬ್ಬಿತು. ಅದು ಮಾಡಿದ ಹಾನಿಯೂ ನಿಜವಾದದ್ದು. 1899–1902ರಲ್ಲಿ ಇದರ ಅನುಯಾಯಿಗಳು ಒಡಂಬಡಿಕೆಯ ಮಂಜೂಷವನ್ನು (ಬೈಬಲಿನ ದಶಾಜ್ಞೆಗಳ ಕಲ್ಲಿನ ಹಲಗೆಗಳಿದ್ದ ಪವಿತ್ರ ಪೆಟ್ಟಿಗೆ) ಹುಡುಕುತ್ತ ಐರ್ಲೆಂಡಿನ ಪ್ರಾಚೀನ ಅರಸರ ನೆಲೆಯಾದ ತಾರಾ ಗುಡ್ಡವನ್ನು ಅಗೆದರು. ಮಂಜೂಷ ಸಿಗಲಿಲ್ಲ, ಪ್ರಾಚೀನ ನೆಲೆಯ ಪದರಗಳು ಕಲಸಿಹೋದವು. ಪದರ ಕಲಸಿದರೆ ಯಾವುದು ಯಾವ ಕಾಲದ್ದೆಂದು ಹೇಳುವ ಆಧಾರವೇ ತಪ್ಪುತ್ತದೆ, ಅದನ್ನು ಮತ್ತೆ ಜೋಡಿಸಲಾಗದು. ಬೈಬಲಿನ ಮೂಲಪುರುಷ ಯಾಕೋಬನ ತಲೆದಿಂಬೆಂದು ಇವರು ನಂಬುವ, ಬ್ರಿಟನ್ನಿನ ಅರಸರ ಪಟ್ಟಾಭಿಷೇಕಕ್ಕೆ ಬಳಸುವ ಸ್ಕೋನ್ ಶಿಲೆ ಪ್ಯಾಲೆಸ್ತೀನಿನದ್ದಲ್ಲ. ಸ್ಕಾಟ್ಲೆಂಡಿನ ಸ್ಕೋನ್ ಆಸುಪಾಸಿನ ಮರಳುಗಲ್ಲು ಎಂದು ಭೂವಿಜ್ಞಾನಿಗಳು ತೋರಿಸಿದ್ದಾರೆ.

ಇದರ ಅಮೆರಿಕದ ಕವಲು ‘ಕ್ರಿಶ್ಚಿಯನ್ ಐಡೆಂಟಿಟಿ’. ಅದರ ಕೆಲವು ಪಂಗಡಗಳು ಯಹೂದಿಗಳನ್ನೇ ಸೈತಾನನ ಸಂತಾನವೆನ್ನುತ್ತವೆ. ಪತ್ರಿಕೆಗಳು ಈ ವಾದವನ್ನು ‘ಕುತೂಹಲ’ದ ಅಂಕಣದಲ್ಲಿ ಹಾಕುವಾಗ ಈ ಕವಲನ್ನೂ ಓದುಗರಿಗೆ ತಿಳಿಸಲಿ.

— ಓದುಗರೊಬ್ಬರು, ಮೈಸೂರು